ತಣ್ಣಗಾದಾಗ ಹರಿದ ಕರೆಂಟು

ಬೆಳಿಗ್ಗೆ ತವರಿಗೆ ಹೋಗಿ ಸಂಜೆ ಗಂಡನ ಮನೆಗೆ ಮರಳುವ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಶಿಕಾರಿಪುರ ನಾನು ಹುಟ್ಟಿದ ಊರು, ಕೆಲಸವೂ ಅಲ್ಲಿಯೇ. ಮನೆ ಸೊರಬದಲ್ಲಿ. ಕೇಳಿದವರು ಪುಣ್ಯವಂತೆ ಎನ್ನುತ್ತಾರೆ. ಶಿರಾಳಕೊಪ್ಪದ ಸಂತೆಯ ದಿನ ಆ ಬಸ್ಸಿನಲ್ಲಿ, ಒಂದು ಕಡೆ ಕೋಳಿಬುಟ್ಟಿ, ಇನ್ನೊಂದು ಕಡೆ ಮೆಣಸಿನಕಾಯಿ ಚೀಲ, ನಡುವೆ ಒಂಟಿ ಕಾಲಿನಲ್ಲಿ ನಿಂತು ಬಂದಿದ್ದರೆ ಅವರು ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದರು. ತವರಿನಲ್ಲಿ ನನ್ನವರು ಅಂತ ಈಗ ಯಾರೂ ಇಲ್ಲ. ನಾನು ಓದಿದ ಕಾಲೇಜು ಇದೆ, ಅದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ, ಕಲಿಯುವಾಗ ಯಾವ ಬೆಂಚಿನಲ್ಲಿ ಕೂರುತ್ತಿದ್ದೆನೋ ಆ ಬೆಂಚು ಇನ್ನೂ ಅಲ್ಲಿಯೇ ಇದೆ. ಅದರ ಎದುರಿಗೆ ನಿಂತು ಪಾಠ ಮಾಡುವಾಗ ಒಮ್ಮೊಮ್ಮೆ, ಇಷ್ಟು ವರ್ಷದಲ್ಲಿ ನಾನು ಸರಿದಿದ್ದು ಆ ಬೆಂಚಿನಿಂದ ಈ ಕರಿಹಲಗೆಯವರೆಗೆ ಮಾತ್ರ ಅನ್ನಿಸಿ ಸಿಟ್ಟು ಬರುತ್ತದೆ.

ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಪರೀಕ್ಷೆ ಮುಗಿದ ಕೂಡಲೇ ನಮ್ಮನ್ನು ಬಿಡುಗಡೆ ಮಾಡುತ್ತಾರೆ, ಕಾಲೇಜು ಶುರುವಾದಾಗ ಮತ್ತೆ ಅರ್ಜಿ ಹಾಕಿಸಿಕೊಳ್ಳುತ್ತಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿಯನ್ನು ಬೇರೆ ಯಾರಾದರೂ ಆಗಿದ್ದರೆ ಪೊರಕೆ ಹಿಡಿದು ಓಡಿಸುತ್ತಿದ್ದರು. ಇದರಿಂದ ಹೊರಗೆ ಬರುವ ದಾರಿ ಒಂದೇ, ಪಿಎಚ್.ಡಿ. ಅದು ಕೈಗೆ ಬಂದರೆ ಎಲ್ಲಾದರೂ ಕಾಯಂ ಕೆಲಸ ಸಿಕ್ಕೀತು, ಬಸ್ಸು ತಪ್ಪೀತು, ನನ್ನದು ಅನ್ನುವ ಒಂದು ಊರಾದೀತು. ಹಾಗಂತ ಕೆಲಸ ಮಾಡುತ್ತಲೇ ಸಂಶೋಧನೆಗೆ ಹೆಸರು ನೋಂದಾಯಿಸಿದೆ. ಅದಕ್ಕೊಂದು ಅವಧಿ ಇರುತ್ತದೆ. ಆ ಅವಧಿ ಮುಗಿಯುತ್ತಾ ಬಂದಾಗ ನಡೆದ ಸಂಗತಿ ಇದು.

ಮನೆಯಲ್ಲಿ ನಾವು ಮೂವರು. ಗಂಡನಿಗೆ ಸೊರಬದಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ. ಸುಟ್ಟುಹೋದ ಮೋಟಾರು ಬಿಚ್ಚಿ, ತಂತಿ ಸುತ್ತಿ, ನೀರೆತ್ತಿಸಿ ಕಳಿಸುವ ಮನುಷ್ಯ. ಕರೆಂಟು ಹರಿಯಬಾರದ ಕಡೆ ಯಾಕೆ ಹರಿಯುತ್ತದೆ ಎಂದು ನೀನು ತಲೆ ಕೆಡಿಸಿಕೊಳ್ಳುತ್ತೀ, ಹರಿಯಬೇಕಾದ ಕಡೆ ಯಾಕೆ ಹರಿಯಲಿಲ್ಲ ಎಂದು ನಾನು ಬೈಸಿಕೊಳ್ಳುತ್ತೇನೆ ಎಂದು ನಗುತ್ತಾರೆ. ಇನ್ನೊಬ್ಬರು ಅತ್ತೆ. ಶಿರಾಳಕೊಪ್ಪದ ಪಕ್ಕದ ಹಳ್ಳಿಯವರು, ಮಾತು ಕಡಿಮೆ. ನಮಗೆ ಮಕ್ಕಳಿಲ್ಲ, ಆ ಮಾತನ್ನು ಇಲ್ಲಿಗೇ ಬಿಡೋಣ. ಮದುವೆಯಾದಾಗಿನಿಂದ ಅತ್ತೆ ನನ್ನ ಕೆಲಸದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಬಸ್ಸು ಸಿಕ್ಕಿತಾ ಎಂದು. ಬೇರೆ ಊರಿನ ಕೆಲಸದ ಮಾತೆತ್ತಿದರೆ ಎದ್ದು ಅಡುಗೆಮನೆಗೆ ನಡೆಯುತ್ತಿದ್ದರು. ಸೊಸೆ ಕಣ್ಣಳತೆ ದಾಟುವುದು ಇವರಿಗೆ ಬೇಡ ಎಂದು ನಾನು ತಿಳಿದುಕೊಂಡಿದ್ದೆ. ಒಳಗೊಳಗೇ ಬೈದೂ ಇದ್ದೆ.

ನಾನು ಹಿಡಿದುಕೊಂಡ ವಿಷಯ ಆಕ್ಸೈಡುಗಳಲ್ಲಿ ಕರೆಂಟು ಹರಿಯುವ ರೀತಿ. ತಾಮ್ರದಂಥ ಲೋಹ ತಣ್ಣಗಾದಷ್ಟೂ ಕರೆಂಟಿಗೆ ಅಡ್ಡಿ ಕಡಿಮೆಯಾಗುತ್ತದೆ. ಬಹಳಷ್ಟು ಆಕ್ಸೈಡುಗಳದು ಇದಕ್ಕೆ ತದ್ವಿರುದ್ಧ, ತಣ್ಣಗಾದರೆ ಕರೆಂಟು ನಿಂತೇ ಹೋಗುತ್ತದೆ. ಲ್ಯಾಂಥನಮ್ಮು ಮತ್ತು ಮ್ಯಾಂಗನೀಸು ಸೇರಿದ ಆಕ್ಸೈಡು ಒಂದಿದೆ. ಶುದ್ಧವಾಗಿದ್ದಾಗ ಅದು ಹಂಚಿನ ಚೂರಿಗಿಂತ ಸ್ವಲ್ಪ ವಾಸಿ. ಅದರಲ್ಲಿ ಲ್ಯಾಂಥನಮ್ಮನ್ನು ಅಷ್ಟಿಷ್ಟು ತೆಗೆದು ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರಿಸುತ್ತಾ ಹೋದರೆ, ಬೆರಕೆ ಒಂದು ಮಿತಿ ದಾಟಿದ ಮೇಲೆ, ವಿಚಿತ್ರ ಶುರುವಾಗುತ್ತದೆ. ತಣ್ಣಗೆ ಮಾಡಿದ ಹಾಗೆ ಅಡ್ಡಿ ಮೊದಲು ಏರುತ್ತದೆ, ಇನ್ನೇನು ಪೂರ್ತಿ ನಿಂತಿತು ಅನ್ನುವಾಗ ಶಿಖರ ಮುಟ್ಟಿ, ಅಲ್ಲಿಂದ ದಡದಡ ಇಳಿಯುತ್ತದೆ. ಯಾವ ಚಳಿಯಲ್ಲಿ ಸಾಯಬೇಕಿತ್ತೋ ಅದೇ ಚಳಿಯಲ್ಲಿ ಅದು ಲೋಹದ ಹಾಗೆ ಬದುಕಿಕೊಳ್ಳುತ್ತದೆ. ಮಿತಿಗಿಂತ ಕೆಳಗಿದ್ದರೆ ಈ ಇಳಿತ ಇಲ್ಲ, ಏರುವುದೊಂದೇ.

ಒಳಗೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುವುದು ಹೀಗೆ. ಎಲೆಕ್ಟ್ರಾನು ಒಂದು ಕಡೆ ಕೂತರೆ ಸುತ್ತಲಿನ ಪರಮಾಣುಗಳು ಒಂಚೂರು ಜರುಗಿ ಅದರ ಬುಡದಲ್ಲಿ ತಗ್ಗಾಗುತ್ತದೆ, ಹಳೇ ಹತ್ತಿ ಗಾದಿಯ ಮೇಲೆ ದಪ್ಪ ಮನುಷ್ಯ ಕೂತ ಹಾಗೆ. ಆಮೇಲೆ ತಾನು ಮಾಡಿಕೊಂಡ ತಗ್ಗಿನಿಂದ ತಾನೇ ಏಳಲಾರದು. ಬಿಸಿ ಇದ್ದರೆ ಯಾರೋ ತಿವಿದಂತಾಗಿ ಪಕ್ಕಕ್ಕೆ ಹಾರುತ್ತದೆ, ಚಳಿಯಾದರೆ ಅಲ್ಲಿಯೇ ಬಂದಿ. ಇದನ್ನು ನನ್ನ ಬಾಳಿಗೆ ಹೋಲಿಸುವ ಕಷ್ಟ ಯಾರೂ ತೆಗೆದುಕೊಳ್ಳಬೇಕಿಲ್ಲ. ಬಸ್ಸಿನಲ್ಲಿ ನಿಂತು ನಾನೇ ಸಾಕಾಗುವಷ್ಟು ಹೋಲಿಸಿದ್ದೇನೆ, ಅದರಿಂದ ಬಸ್ಸು ಬೇಗ ತಲುಪಿದ್ದಿಲ್ಲ.

ನನ್ನ ಪಾಲಿನ ಕೆಲಸ ಸಣ್ಣದು. ಕ್ಯಾಲ್ಸಿಯಂ ಆ ಮಿತಿಗಿಂತ ತುಸು ಕೆಳಗೇ ಇರುವಂತೆ ಇಟ್ಟುಕೊಂಡು, ಮ್ಯಾಂಗನೀಸಿನ ಜಾಗಕ್ಕೆ ಚೂರು ಸತು ಸೇರಿಸಿ, ಏನಾಗುತ್ತದೆ ನೋಡುವುದು. ಏನಾಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಸತು ಸೇರಿದರೆ ಕರೆಂಟಿನ ದಾರಿ ಇನ್ನಷ್ಟು ಕೆಡಬೇಕು. ಹಾಗೆ ಕೆಟ್ಟಿತು ಎಂದು ಬರೆದು ಒಪ್ಪಿಸಿ ಪದವಿ ತೆಗೆದುಕೊಳ್ಳುವುದು ನನ್ನ ಲೆಕ್ಕಾಚಾರ. ಪುಡಿಗಳನ್ನು ತೂಗಿ, ಬೆರೆಸಿ, ಗಂಟೆಗಟ್ಟಲೆ ಅರೆಯಬೇಕು. ಆಮೇಲೆ ಕಾಲೇಜಿನ ಕುಲುಮೆಯಲ್ಲಿ ಸುಟ್ಟು, ಮತ್ತೆ ಅರೆದು, ಒತ್ತಿ ಬಿಲ್ಲೆ ಮಾಡಿ, ಮತ್ತೆ ಸುಡಬೇಕು. ಆ ಬಿಲ್ಲೆಗೆ ಕೂದಲೆಳೆಯಂಥ ತಂತಿ ಅಂಟಿಸಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಒಯ್ದು ದ್ರವ ಸಾರಜನಕದ ಚಳಿಯಲ್ಲಿ ಅಳೆಯಬೇಕು. ಅರೆಯುವ ಕೆಲಸಕ್ಕೆ ಕಾಲೇಜಿನಲ್ಲಿ ಬಿಡುವು ಸಿಗುತ್ತಿರಲಿಲ್ಲ. ಅದಕ್ಕೇ ದಸರಾ ರಜೆಯಲ್ಲಿ ಅಗೇಟ್ ಕಲ್ಲಿನ ಪುಟ್ಟ ಒರಳನ್ನು ಸೊರಬಕ್ಕೆ ತಂದುಕೊಂಡೆ. ಅತ್ತೆ ಅದನ್ನು ನೋಡಿ, ಕಲ್ಬತ್ತು ಚಲೋ ಐತಿ ಎಂದರು. ಮದ್ದು ಅರೆಯುವ ಒರಳಿಗೆ ಅವರ ಕಡೆಯ ಹೆಸರು ಅದು.

ಆಯುಧ ಪೂಜೆ ನಮ್ಮ ಮನೆಯಲ್ಲಿ ಅತ್ತೆಯ ಇಲಾಖೆ. ಕುಡುಗೋಲು, ಈಳಿಗೆಮಣೆ, ಗಂಡನ ಅಂಗಡಿಯ ವೈಂಡಿಂಗ್ ಯಂತ್ರ, ಬೈಕು, ಮಿಕ್ಸಿ, ಯಾವುದನ್ನೂ ಬಿಡುವುದಿಲ್ಲ. ಮೂರು ಬೆರಳಿನಿಂದ ವಿಭೂತಿ ಪಟ್ಟೆ ಎಳೆದು, ಹೂವಿಟ್ಟು, ಕೊನೆಗೆ ಪ್ರತಿಯೊಂದನ್ನೂ ಒಂದು ಸಲ ನಡೆಸಿಯೇ ಬಿಡಬೇಕು. ಮೋಟಾರು ಒಮ್ಮೆ ಗುಂಯ್ ಅನ್ನಬೇಕು, ಬೈಕು ಒಮ್ಮೆ ಹೊಗೆ ಬಿಡಬೇಕು. ಆ ವರ್ಷ ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಸಾಲಿನ ತುದಿಯಲ್ಲಿ, ಮಿಕ್ಸಿಯ ಪಕ್ಕ, ನನ್ನ ಒರಳು. ಅರ್ಧ ಅರೆದ ಪುಡಿಯ ಮೇಲೆ ನಾನು ಮುಚ್ಚಿಟ್ಟ ತಟ್ಟೆ ಹಾಗೆಯೇ ಇತ್ತು. ಹೊರಮೈಗೆ ಮಾತ್ರ ಮೂರು ಬಿಳಿ ಪಟ್ಟೆ, ಒಂದು ಸೇವಂತಿಗೆ. ನನ್ನ ಕೆಲಸವೂ ಕೆಲಸ ಎಂದು ಆ ಮನೆ ಒಪ್ಪಿಕೊಂಡಿದ್ದು ಅದೇ ಮೊದಲು. ಮರುದಿನ ಪೂಜೆ ಕದಲಿಸಿದ ಮೇಲೆ ಹೊರಮೈಯನ್ನು ಚೆನ್ನಾಗಿ ಒರೆಸಿ ಮತ್ತೆ ಅರೆಯಲು ಕೂತೆ.

ಆ ಪುಡಿಯಿಂದ ಆದ ಬಿಲ್ಲೆಯನ್ನು ಚಳಿಗಾಲದಲ್ಲಿ ಅಳೆದೆವು. ತೆರೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಅಡ್ಡಿ ಏರಿತು, ಏರಲಿ. ಆಮೇಲೆ ಒಂದು ಚುಕ್ಕಿ ಹಿಂದಿನದಕ್ಕಿಂತ ಕೆಳಗೆ ಬಿತ್ತು. ತಂತಿ ಬಿಟ್ಟುಕೊಂಡಿತು ಅಂದುಕೊಂಡೆ. ಮುಂದಿನದು ಇನ್ನೂ ಕೆಳಗೆ. ಹಾಗೇ ಇಳಿಯುತ್ತಾ ಹೋಯಿತು. ಹಿಂದೆ ನಿಂತಿದ್ದ ನನ್ನ ಮಾರ್ಗದರ್ಶಕರು, ನಿವೃತ್ತಿಗೆ ಹತ್ತಿರವಾದ ಮೆದು ಮಾತಿನ ಹಿರಿಯರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸತು ಸೇರಿಸಿದರೆ ಸಾಯಬೇಕಿದ್ದ ವಸ್ತು ಚಳಿಯಲ್ಲಿ ಲೋಹವಾಗಿತ್ತು. ಇದನ್ನು ಯಾರೂ ನೋಡಿದ್ದಿಲ್ಲ ಎಂದರು ಅವರು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಮುಖಕ್ಕೆ ಬೀಸುತ್ತಿದ್ದ ಗಾಳಿಗೆ ನಾನು ಒಬ್ಬಳೇ ನಗುತ್ತಿದ್ದೆ. ಆ ಸಂತೋಷವನ್ನು ಈಗಲೂ ನೆನೆಯುತ್ತೇನೆ, ಅದು ಸುಳ್ಳಿನ ಮೇಲೆ ನಿಂತಿತ್ತು ಎಂದು ಗೊತ್ತಿದ್ದೂ.

ಸರ್ ಈ ವಿಷಯವನ್ನು ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿದ್ದ ಪರಿಚಯದವರಿಗೆ ಹೇಳಿದರು. ಅವರಲ್ಲಿ ಒಂದು ಕಾಯಂ ಹುದ್ದೆ ತೆರವಾಗುವುದಿತ್ತು. ಪ್ರಬಂಧ ಮುಂದಿನ ಡಿಸೆಂಬರಿನೊಳಗೆ ಒಪ್ಪಿಸಿ ಬಂದರೆ ನೋಡೋಣ ಎಂದು ಅವರು ನನ್ನೊಡನೆ ಫೋನಿನಲ್ಲಿಯೇ ಮಾತಾಡಿದರು. ನಾನು ಗಂಡನಿಗೆ ಹೇಳಿದೆ. ಅವರು, ದಾವಣಗೆರೆಯಲ್ಲಿಯೂ ಮೋಟಾರು ಸುಡುತ್ತವೆ ಬಿಡು ಎಂದರು. ಅತ್ತೆಗೆ ಹೇಳುವುದು ಬೇಡ, ಕೆಲಸ ಗಟ್ಟಿಯಾಗಲಿ ಎಂದು ಇಬ್ಬರೂ ಸುಮ್ಮನಾದೆವು.

ಒಂದೇ ಬಿಲ್ಲೆಯ ಮಾತನ್ನು ಯಾರು ನಂಬುತ್ತಾರೆ? ಅದನ್ನು ಮತ್ತೆ ಮಾಡಿ ತೋರಿಸಬೇಕಿತ್ತು. ಮಾಡಿದೆ. ಎರಡನೆಯದು ತಣ್ಣಗಾದಾಗ ಏರಿತು, ಏರಿ ಸತ್ತಿತು. ಮೂರನೆಯದೂ ಅಷ್ಟೇ. ಕುಲುಮೆಯ ಶಾಖ ಏರುಪೇರಾಯಿತೇನೋ ಎಂದು ಕರೆಂಟು ಸ್ಥಿರವಾಗಿರುವ ಹೊತ್ತು ಕಾದು ಸುಟ್ಟೆ. ಪುಡಿಯ ಹೊಸ ಡಬ್ಬಿ ತರಿಸಿದೆ, ಹಳೆಯ ಡಬ್ಬಿಗೇ ಮರಳಿದೆ. ಮೊದಲ ಬಿಲ್ಲೆಯ ಚೂರನ್ನು ಕ್ಷಕಿರಣಕ್ಕೆ ಹಿಡಿಸಿದೆವು, ಬೇರೆ ಯಾವ ವಸ್ತುವಿನ ಸುಳಿವೂ ಇರಲಿಲ್ಲ. ಯಾವ ಧಾತು ಎಷ್ಟಿದೆ ಎಂದು ನೋಡುವ ಯಂತ್ರ ಕ್ಯಾಲ್ಸಿಯಂ ತುಸು ಹೆಚ್ಚು ತೋರಿಸಿತು. ಅದಂತೂ ನಾನೇ ಹಾಕಿದ್ದು, ಯಂತ್ರದ ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದು ದಾಟಿಸಿದೆವು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಬೆಳಿಗ್ಗೆ ಎದ್ದರೆ ಬಸ್ಸು, ಬಸ್ಸಿಳಿದರೆ ಪಾಠ, ಪಾಠ ಮುಗಿದರೆ ಕುಲುಮೆ, ಮತ್ತೆ ಬಸ್ಸು. ಊಟಕ್ಕೆ ಕೂತರೂ ಕೈ ತಾನಾಗಿ ಅರೆಯುವ ಹಾಗೆ ತಿರುಗುತ್ತಿತ್ತು. ಆ ವರ್ಷ ನಾನು ಮನೆಯಲ್ಲಿ ಸಿಡುಕದ ದಿನ ಇರಲಿಲ್ಲ, ಅದರಲ್ಲಿ ಹೆಚ್ಚಿನ ಪಾಲು ಅತ್ತೆಯ ಮೇಲೆ ಬೀಳುತ್ತಿತ್ತು. ಅವರು ತಿರುಗಿ ಒಂದು ಮಾತೂ ಆಡಲಿಲ್ಲ.

ಬಂದ ಒಂದು ಬಿಲ್ಲೆಯನ್ನೇ ಹಾಕಿಬಿಡಿ, ಆಗಿದ್ದಂತೂ ಆಗಿದೆಯಲ್ಲ, ನಾವೇನೂ ಬರೆದು ಸೃಷ್ಟಿಸಿದ್ದಲ್ಲ ಎಂದರು ಸರ್, ನನ್ನ ಮುಖ ನೋಡಲಾರದೆ. ಅವರು ಕೆಟ್ಟ ಮನುಷ್ಯರಲ್ಲ, ನನ್ನ ಅವಧಿ ಮುಗಿಯುತ್ತಿದೆ ಎಂಬುದು ನನಗಿಂತ ಅವರಿಗೇ ಹೆಚ್ಚು ಚುಚ್ಚುತ್ತಿತ್ತು. ನಾನು ಹ್ಞೂಂ ಎಂದೆ. ಅಧ್ಯಾಯ ಬರೆಯುವುದನ್ನೂ ಶುರು ಮಾಡಿದೆ. ಆದರೂ ಕೊನೆಯದೊಂದು ಸಲ ನೋಡೋಣ ಎಂದು ದಸರಾ ರಜೆಗೆ ಒರಳನ್ನು ಮತ್ತೆ ಮನೆಗೆ ತಂದೆ.

ಆ ಸಲ ಅತ್ತೆ ಪೂಜೆ ಮಾಡುವಾಗ ನಾನು ಅಲ್ಲಿಯೇ ಬಾಗಿಲಿಗೆ ಒರಗಿ ನಿಂತಿದ್ದೆ. ಕುಡುಗೋಲಿಗೆ ಪಟ್ಟೆ ಎಳೆದರು. ಮಿಕ್ಸಿಗೆ ಎಳೆದರು, ಒಮ್ಮೆ ತಿರುಗಿಸಿದರು. ಒರಳಿನ ಹತ್ತಿರ ಬಂದು ಹೊರಮೈಗೆ ಎಳೆದರು. ಆಮೇಲೆ ಮುಚ್ಚಿದ್ದ ತಟ್ಟೆ ತೆಗೆದು, ವಿಭೂತಿ ಗಟ್ಟಿಯನ್ನು ಬೆರಳಿನಲ್ಲಿ ಉಜ್ಜಿ, ಒಳ್ಳೆಯ ಒಂದು ಚಿಟಿಕೆಯನ್ನು ಒಳಗಿನ ಪುಡಿಗೆ ಉದುರಿಸಿ, ಅರೆಯುವ ಗುಂಡನ್ನು ಹಿಡಿದು ಎರಡು ಸುತ್ತು ಅರೆದರು. ನಡೆಸಿ ಬಿಡಬೇಕಲ್ಲ. ಬೂದುಬಣ್ಣದ ಪುಡಿಯಲ್ಲಿ ಅದು ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ.

ಅದಕ್ಕೆ ಯಾಕೆ ಹಾಕಿದಿರಿ ಎಂದು ಕೇಳಿದೆ. ಅವರು ತಟ್ಟೆ ಮುಚ್ಚುತ್ತಲೇ ಹೇಳಿದರು:

"ಹೋದ್ ವರ್ಷಾನೂ ಹಾಕಿದ್ನಲ್ಲ. ಬರೇ ಕಲ್ಲಿಗೆ ಹಚ್ಚಿದ್ರ ಏನ್ ಬಂತು, ಒಳಗಿರೋದ ಅಲ್ಲನು ನಿನ್ನ ಕೆಲ್ಸ."

ನಾನು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅಂಗಡಿಯ ವಿಭೂತಿಯಲ್ಲಿ ಸಗಣಿಯ ಬೂದಿಗಿಂತ ಸುಣ್ಣದಂಶವೇ ಹೆಚ್ಚು. ಸುಣ್ಣವೆಂದರೆ ಕ್ಯಾಲ್ಸಿಯಂ. ಮಿತಿಗಿಂತ ತುಸು ಕೆಳಗೆ, ಬೇಲಿಯ ಮೇಲೆ ಕೂತಂತಿದ್ದ ನನ್ನ ವಸ್ತುವನ್ನು ಆಚೆ ಕೆಡವಲು ಒಂದು ಚಿಟಿಕೆ ಸಾಕು. ಸತುವಿನ ಪವಾಡವೂ ಇಲ್ಲ, ಮಣ್ಣೂ ಇಲ್ಲ. ಕ್ಯಾಲ್ಸಿಯಂ ಹೆಚ್ಚಾದರೆ ಹಾಗಾಗುತ್ತದೆ ಎಂಬುದು ನಾನು ಹುಟ್ಟುವ ಮುಂಚಿನ ಸುದ್ದಿ. ಅದಕ್ಕಾಗಿ ನಾನು ಒಂದು ವರ್ಷ ಒರಳು ತಿರುಗಿಸಿದ್ದೆ.

ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. ಹೊಸದಾಗಿ ಪುಡಿ ಬೆರೆಸಿ, ಅತ್ತೆಯ ಗಟ್ಟಿಯಿಂದಲೇ ಚಿಟಿಕೆಯಷ್ಟು ತೂಗಿ ಸೇರಿಸಿ, ಬಿಲ್ಲೆ ಮಾಡಿ ಒಯ್ದೆ. ಅದೇ ಶಿಖರ, ಅದೇ ಇಳಿತ. ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ಕುರ್ಚಿ ಅಲುಗುವಷ್ಟು ನಕ್ಕರು. ಆಮೇಲೆ ನಗು ನಿಂತು ಇಬ್ಬರೂ ತೆರೆಯನ್ನೇ ನೋಡುತ್ತಾ ಕೂತೆವು. ಗೊತ್ತಾದ ಮೇಲೆ ಆ ಅಧ್ಯಾಯವನ್ನು ಇಡುವ ಹಾಗಿರಲಿಲ್ಲ, ಸತುವಿನ ಬೇರೆ ಪ್ರಮಾಣಗಳನ್ನು ಆ ವರ್ಷ ಅಳೆದೇ ಇರಲಿಲ್ಲವಾದ್ದರಿಂದ ಅದನ್ನು ತೆಗೆದರೆ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ. ಅವಧಿ ವಿಸ್ತರಣೆಗೆ ಅರ್ಜಿ ಹಾಕಿದೆವು, ಅದು ಸಿಕ್ಕಿತು. ದಾವಣಗೆರೆಯವರು ಎಷ್ಟು ದಿನ ಕಾದಾರು, ಬೇರೆಯವರನ್ನು ತೆಗೆದುಕೊಂಡರು. ನಾನು ಮತ್ತೆ ಅತಿಥಿಯಾಗಿ ಅರ್ಜಿ ಬರೆಯುವ ಸರದಿಗೆ ಬಂದು ನಿಂತೆ.

ಅತ್ತೆಗೆ ಏನೂ ಹೇಳಬಾರದು ಎಂದೇ ಇದ್ದೆ. ಒಂದು ಭಾನುವಾರ ಮಧ್ಯಾಹ್ನ ಅವರು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆ ಎತ್ತದೆಯೇ, ದಾವಣಗೆರೆದು ಏನಾತು ಎಂದು ಕೇಳಿದರು. ನಿಮಗೆ ಯಾರು ಹೇಳಿದರು ಎಂದರೆ, ಗೋಡಿಗೆ ಕಿವಿ ಇರತಾವೋ ಇಲ್ಲೋ, ನನಗಂತೂ ಅದಾವು ಎಂದರು. ವರ್ಷವಿಡೀ ಜಗಲಿಯ ಮೇಲೆ ಕೂತು ನಾನು ಫೋನಿನಲ್ಲಿ ಆಡಿದ ಮಾತೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಅದು ನನ್ನ ಸಿಟ್ಟನ್ನು ಕೆಣಕಿತು. ಕೆಲಸ ಹೋಯಿತು, ಇನ್ನು ನಾನು ಇಲ್ಲಿಯೇ, ನಿಮಗೆ ಸಮಾಧಾನ ಆಯಿತಲ್ಲ ಎಂದುಬಿಟ್ಟೆ. ಅಲ್ಲಿಗೆ ನಿಲ್ಲಿಸಲಿಲ್ಲ. ನೀವು ಹಾಕಿದ ವಿಭೂತಿ ನನ್ನ ಪುಡಿಯನ್ನು ಹೇಗೆ ಕೆಡಿಸಿತು, ಕೆಟ್ಟಿದ್ದನ್ನೇ ನಾನು ಹೇಗೆ ಒಳ್ಳೆಯದೆಂದು ನಂಬಿದೆ, ಒಂದು ವರ್ಷ ಹೇಗೆ ಹೋಯಿತು, ಎಲ್ಲವನ್ನೂ ಅವರಿಗೆ ತಿಳಿಯುವ ಮಾತಿನಲ್ಲಿ, ಒಂದನ್ನೂ ಬಿಡದೆ ಹೇಳಿದೆ. ಪಾಠ ಮಾಡುವವಳಲ್ಲವೇ, ಚೆನ್ನಾಗಿಯೇ ಹೇಳಿದೆ.

ಅವರು ಬೇಳೆಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿದರು. ಆಮೇಲೆ ಹೇಳಿದರು:

"ಏನಂತ ಬೇಡ್ಕಂಡು ಹಾಕಿದ್ದೆ ಗೊತ್ತೇನು. ಇವಳ ಓದು ಮುಗೀಲಿ, ದೊಡ್ಡ ಕೆಲ್ಸ ಸಿಗಲಿ, ಈ ಮನಿ ಬಿಟ್ಟು ಹೋಗ್ಲಿ ಅಂತ. ನಾ ಈ ಹೊಸ್ತಿಲ ದಾಟಿದ್ದು ಮದುವಿಗೆ, ಮಣ್ಣಿಗೆ, ಆಸ್ಪತ್ರಿಗೆ, ಅಷ್ಟ. ನೀನಾರ ಹೋಗು ಅಂತ ಹಾಕಿದ್ದೆ."

ಬೇರೆ ಊರಿನ ಮಾತು ಬಂದಾಗ ಅವರು ಎದ್ದು ಒಳಗೆ ಹೋಗುತ್ತಿದ್ದುದು ಯಾಕೆ ಎಂದು ಕೇಳಬೇಕು ಅನ್ನಿಸಿತು. ಕೇಳುವ ಧೈರ್ಯ ಬರಲಿಲ್ಲ. ಅವರು ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನನ್ನೇ ನೋಡಿ ಕೇಳಿದರು:

"ಹಂಗಾರ ನಾನ ನಿನ್ನ ಕಟ್ಟಿ ಹಾಕಿದಂಗಾತಲ್ಲ?"

ಇಲ್ಲ ಅತ್ತೆ ಎನ್ನಬೇಕಿತ್ತು. ಅಷ್ಟು ವಿವರವಾಗಿ ಹೇಳಿದ ಮೇಲೆ ಇಲ್ಲ ಎಂದರೆ ನಂಬುವಷ್ಟು ದಡ್ಡರಲ್ಲ ಅವರು. ಮೊರ ತೆಗೆದುಕೊಂಡು ಉಳಿದ ಬೇಳೆಯನ್ನು ನಾನೇ ಆರಿಸಿದೆ. ಅವರು ಬೇಡ ಎನ್ನಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಬಂದವರು ನನ್ನ ಊಟದ ಡಬ್ಬಿಗೆ ಕೈ ಹಾಕುವ ಮೊದಲು ಬಚ್ಚಲಿಗೆ ಹೋದರು. ಎರಡೂ ಕೈಯನ್ನು ಸೋಪು ಹಚ್ಚಿ, ಉಗುರಿನ ಸಂದಿಯವರೆಗೆ ತಿಕ್ಕಿ ತೊಳೆದು, ಬೆಳಕಿಗೆ ಹಿಡಿದು ನೋಡಿಕೊಂಡು, ಆಮೇಲೆ ರೊಟ್ಟಿ ಕಟ್ಟಿದರು. ಅಂದಿನಿಂದ ದಿನಾ ಹೀಗೆಯೇ. ವಿಭೂತಿಯಿಂದ ಊಟಕ್ಕೆ ಏನೂ ಆಗುವುದಿಲ್ಲ ಅತ್ತೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಕೇಳುವುದಿಲ್ಲ. ನಾನು ಬಾಗಿಲಿನಲ್ಲಿ ಚಪ್ಪಲಿ ಮೆಟ್ಟಿಕೊಂಡು, ಅವರು ಕೈ ತೊಳೆಯುವುದು ಮುಗಿಯುವವರೆಗೆ ನಿಂತಿರುತ್ತೇನೆ.